ಹಸಿದ ಮಡಿ

ಶಹಾಪುರದಿಂದ ಕೆಂಭಾವಿಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ತೊಡೆಯ ಮೇಲಿನ ರಟ್ಟಿನ ಪೆಟ್ಟಿಗೆಯನ್ನು ಎರಡೂ ಕೈಯಿಂದ ಅವುಚಿಕೊಂಡಿದ್ದ ಅಂಬ್ರಪ್ಪ, ಇವತ್ತೊಂದು ದಿನ ನೆಗಡಿಯಾಗಿ ಮೂಗು ಕಟ್ಟಿದ್ದರೆ ಎಷ್ಟು ಚೆನ್ನಾಗಿತ್ತು ಎಂದುಕೊಂಡ. ಮಣ್ಣು ಪರೀಕ್ಷೆಯ ಕಚೇರಿಯಲ್ಲಿ ಹದಿನೆಂಟು ವರ್ಷದಿಂದ ಜವಾನನಾಗಿರುವ ಅವನಿಗೆ ಈಚೆಗೆ ನಾಲ್ಕು ತಿಂಗಳಿಂದ ಮೂಗಿನ ಕೆಲಸವೊಂದು ಹೆಚ್ಚಿಗೆ ಬಂದು ಅಂಟಿಕೊಂಡಿತ್ತು. ಕೆಂಭಾವಿ ದಾರಿಯ ರೈತ ಹೆಂಗಸು ಮರಿಲಿಂಗಮ್ಮನ ಹೊಲದ ಮಣ್ಣನ್ನು ಹದಿನೈದು ದಿನಕ್ಕೊಮ್ಮೆ ಮುಷ್ಟಿಯಲ್ಲಿ ಹಿಡಿದು ಮೂಸಿ, ಅದರಲ್ಲಿ ಸುಟ್ಟ ಎಣ್ಣೆಯ ವಾಸನೆ ಎಷ್ಟಿದೆ ಎಂದು ಒಂದರಿಂದ ಐದರೊಳಗೆ ಅಂಕ ಹೇಳಬೇಕು. ದೂರದ ಊರಿನ ಯಂತ್ರ ಕೊಡುವ ಫಲಿತಾಂಶ ಎಲ್ಲ ಮುಗಿದ ಮೇಲೆ ಒಟ್ಟಿಗೇ ಬರುವುದು, ಅಲ್ಲಿಯವರೆಗೆ ನಿಮ್ಮ ಮೂಗೇ ನನ್ನ ಯಂತ್ರ ಎಂದು ಕಚೇರಿಯ ವಿಜ್ಞಾನಿ ಶರೀಫಾಬೀ ಮೇಡಂ ನಗುತ್ತ ಹೇಳಿದ್ದರು. ಆ ನಗುವಿನಲ್ಲಿ ಗೌರವವಿತ್ತು, ಕಷ್ಟವಾದದ್ದು ಅದೇ. ಕಚೇರಿಯ ಉಳಿದವರು ಅವನನ್ನು ಮೂಗಪ್ಪ ಎಂದು ಕರೆದು ಚಾಷ್ಟಿ ಮಾಡಿದಾಗ ಅಂಬ್ರಪ್ಪನಿಗೆ ಒಂದು ಬಗೆಯ ನೆಮ್ಮದಿಯೇ ಆಗಿತ್ತು. ಇವತ್ತು ಕೊನೆಯ ಸಲ ಬಾಟಲಿಗೆ ಮಣ್ಣು ತುಂಬಿಸುವ ದಿನ. ಮೇಡಂ ಜೀಪಿನಲ್ಲಿ ಜಾಗವಿದೆ ಬರ್ರಿ ಎಂದಿದ್ದರು. ಬಾಟಲಿಗಳು ಒಡೆದಾವು, ಬಸ್ಸಿನಲ್ಲೇ ತರುತ್ತೇನೆ ಎಂದು ಹಟ ಹಿಡಿದದ್ದು ಇವನೇ. ಜೀಪಿಗಿಂತ ಬಸ್ಸು ಹೆಚ್ಚು ಎತ್ತಿಹಾಕುತ್ತದೆ ಎಂಬುದು ಮೇಡಮ್ಮಿಗೂ ಗೊತ್ತು. ಒಂದು ತಾಸು ಅವರ ಪಕ್ಕ ಕೂತು ಹೋದರೆ ಬಾಯಿಂದ ಏನು ಬಿದ್ದೀತೋ ಎಂಬ ಅಂಜಿಕೆ ಮಾತ್ರ ಅವರಿಗೆ ಗೊತ್ತಿರಲಿಲ್ಲ.

ಮೇಡಂ ಹಿಡಿದ ಕೆಲಸ ಹೇಳುವುದಕ್ಕೆ ಸಣ್ಣದು. ಆ ಹೊಲದ ಎಲ್ಲಕ್ಕಿಂತ ಕಪ್ಪಾದ ಜಾಗದಿಂದ ಒಂದು ಡಬ್ಬಿ ಮಣ್ಣು ತೆಗೆದರು. ಅದರೊಳಗೆ ಎಣ್ಣೆಯನ್ನೇ ತಿಂದು ಬದುಕುವುದನ್ನು ಹೇಗೋ ಕಲಿತುಕೊಂಡಿದ್ದ, ಕಣ್ಣಿಗೆ ಕಾಣದ ಜೀವಿಗಳನ್ನು ಗಾಜಿನ ಹೂಜಿಯಲ್ಲಿ ಬೆಳೆಸಿ ಮತ್ತೆ ಅದೇ ಮಣ್ಣಿಗೆ ಬಿಟ್ಟರು. ಬರೀ ಎಣ್ಣೆ ತಿಂದರೆ ಅವಕ್ಕೆ ಮೈ ಹತ್ತುವುದಿಲ್ಲವಂತೆ. ಅದಕ್ಕೆ ಕುರಿಗೊಬ್ಬರ ಹಾಕಬೇಕು, ನೀರು ಚಿಮುಕಿಸಬೇಕು, ವಾರಕ್ಕೊಮ್ಮೆ ಮಣ್ಣು ತಿರುವಿ ಗಾಳಿ ಆಡಿಸಬೇಕು. ಹೊರಗಿನಿಂದ ಡಬ್ಬಿಯಲ್ಲಿ ಬರುವಂಥವು ನಮ್ಮ ಎರಿ ಹೊಲದ ಬಿಸಿಲಿಗೆ ನಾಲ್ಕು ದಿನ ಬಾಳುವುದಿಲ್ಲ, ಇಲ್ಲಿಯವೇ ಬೇಕು, ಅವನ್ನು ಎಬ್ಬಿಸಿ ಉಣ್ಣಲಿಕ್ಕಿಡಬೇಕು ಅಷ್ಟೇ ಎಂದು ಮೇಡಂ ಮರಿಲಿಂಗಮ್ಮನಿಗೆ ಬಿಡಿಸಿ ಹೇಳಿದ್ದರು. ಇದನ್ನು ತೋರಿಸುವುದಕ್ಕೆ ಹೊಲದಲ್ಲಿ ಅಕ್ಕಪಕ್ಕ ಬದು ಹಾಕಿ ಎರಡು ಮಡಿ ಕಟ್ಟಿದರು. ಒಂದಕ್ಕೆ ಎಲ್ಲ ಉಪಚಾರ. ಇನ್ನೊಂದಕ್ಕೆ ಗೊಬ್ಬರವಿಲ್ಲ, ನೀರಿಲ್ಲ, ಗುದ್ದಲಿಯೂ ಇಲ್ಲ. ಅದು ಹಾಗೆಯೇ ಕಪ್ಪಗೆ ಉಳಿದರೆ ತಾನೆ ಮೊದಲನೆಯದು ಉಪಚಾರದಿಂದ ಗುಣವಾಯಿತೆಂದು ಹೇಳಲು ಬರುವುದು. ಕಾಗದದಲ್ಲಿ ಅವು ಒಂದನೇ ಮಡಿ, ಎರಡನೇ ಮಡಿ. ಮರಿಲಿಂಗಮ್ಮನ ಬಾಯಲ್ಲಿ ಮೊದಲ ದಿನದಿಂದಲೇ ಉಂಡ ಮಡಿ, ಹಸಿದ ಮಡಿ. ಎರಡರ ವ್ಯತ್ಯಾಸ ಕಂಡರೆ ಅವಳ ಉಳಿದ ಮೂರೆಕರೆಗೂ ಈ ಉಪಚಾರದ ಮಂಜೂರಾತಿ ಸಿಗುತ್ತದೆ, ಕಾಣದಿದ್ದರೆ ಫೈಲು ಮುಚ್ಚುತ್ತದೆ.

ಬಸ್ಸು ಕಾಲುವೆಯ ಸೇತುವೆ ದಾಟುವಾಗ ಅಂಬ್ರಪ್ಪ ಯಾವತ್ತಿನಂತೆ ಎಡಕ್ಕೆ ಮುಖ ತಿರುಗಿಸಿದ. ಬಲಕ್ಕೆ ನೋಡಿದರೆ ಬಳ್ಳಾರಿ ಜಾಲಿಯ ಕಂಟಿ ದಟ್ಟವಾಗಿ ಬೆಳೆದ ಒಂದು ದಿಬ್ಬವಿದೆ. ಈಗಿನ ಹುಡುಗರಿಗೆ ಅದು ಬರೀ ಕಂಟಿ. ಇಪ್ಪತ್ತುಮೂರು ವರ್ಷದ ಹಿಂದೆ, ಕಾಲುವೆ ಅಗೆಯುವಾಗ, ಅಲ್ಲಿ ಗುತ್ತಿಗೆದಾರನ ಕ್ಯಾಂಪು ಇತ್ತು. ತಗಡಿನ ಶೆಡ್ಡು, ಟಿಪ್ಪರುಗಳು, ಮಣ್ಣು ಬಗೆಯುವ ಯಂತ್ರಗಳು, ಅವುಗಳ ಹೊಟ್ಟೆಯಿಂದ ಸುಟ್ಟ ಎಣ್ಣೆ ಇಳಿಸುವುದಕ್ಕೆ ಇಪ್ಪತ್ತೆರಡರ ಪ್ರಾಯದ ಅಂಬ್ರಪ್ಪ. ಇಳಿಸಿದ ಎಣ್ಣೆಯನ್ನು ಎಲ್ಲಿ ಹಾಕಲಿ ಎಂದು ಮೊದಲ ದಿನ ಕೇಳಿದಾಗ ಮೇಸ್ತ್ರಿ ಶೆಡ್ಡಿನ ಹಿಂದಿನ ತಗ್ಗು ತೋರಿಸಿ, ಭೂಮ್ತಾಯಿ ಕುಡೀತಾಳ ಸುರುವು ಎಂದಿದ್ದ. ಭೂಮಿ ಕುಡಿದೇ ಕುಡಿಯಿತು. ಸಂಜೆ ಎರಡು ಬಕೆಟ್ಟು, ಮೂರು ಬಕೆಟ್ಟು, ವಾರದ ಕೊನೆಗೆ ಅರ್ಧ ಬ್ಯಾರಲ್ಲು, ಹೀಗೆ ಐದು ವರ್ಷ. ಒಂದು ದಿನ ನಟ್ಟು ಬಿಚ್ಚುವ ಪಾನ ಜಾರಿ ಅದೇ ತಗ್ಗಿನಲ್ಲಿ ಬಿತ್ತು. ಮೇಸ್ತ್ರಿ ಇವನನ್ನು ಇಳಿಸಿದ. ತೊಡೆಯ ಮಟ ಎಣ್ಣೆಯಲ್ಲಿ ಬಗ್ಗಿ ಬಗ್ಗಿ ತಡಕಾಡುವಾಗ ಮೇಲೆ ನಿಂತವರು ಎಮ್ಮಿ ಕರ ಹುಟ್ಟೈತಿ ನೋಡ್ರಲೇ ಎಂದು ಸಿಳ್ಳೆ ಹೊಡೆದರು. ಪಾನ ಸಿಕ್ಕಿತು. ಮೈ ತೊಳೆಯುವುದಕ್ಕೆ ಕ್ಯಾಂಪಿನ ಟ್ಯಾಂಕರ್ ನೀರು ಮುಟ್ಟಕೂಡದೆಂದು ಹೇಳಿದ್ದರಿಂದ ಅವನು ಹಾಗೆಯೇ ಇಳಿಜಾರಿನಲ್ಲಿ ಇಳಿದು, ಕೆಳಗಿನ ಹೊಲದ ಬಾವಿಯ ಹತ್ತಿರ ಹೋಗಿ ನಿಂತ. ನೀರು ಕೇಳಲೂ ನಾಚಿಕೆ. ಆ ಹೊಲದವನು ಏನೂ ಕೇಳದೆ ತನ್ನ ಆಯಿಲ್ ಇಂಜಿನ್ ಚಾಲೂ ಮಾಡಿ, ಪೈಪಿನ ಬಾಯಿಗೆ ಇವನನ್ನು ನಿಲ್ಲಿಸಿ, ಬೂದಿ ತಂದು ಬೆನ್ನು ತಿಕ್ಕಿದ. ಇವನು ಯಾವ ಜಾತಿಯ ಹುಡುಗನೆಂದು ಮುಖ ನೋಡಿ ತಿಳಿಯುವಂತಿರಲಿಲ್ಲ, ಅವನು ತಿಳಿದುಕೊಳ್ಳಲು ಹೋಗಲೂ ಇಲ್ಲ. ಹುಲಗಪ್ಪ ಎಂದು ಅವನ ಹೆಸರು ಗೊತ್ತಾದದ್ದು ಆಮೇಲೆ. ಗುಡಿಸಲ ಬಾಗಿಲಲ್ಲಿ ಜೋಳ ಕೇರುತ್ತಿದ್ದ ಅವನ ಹೆಂಡತಿ ಮರಿಲಿಂಗಮ್ಮನೂ ಇವನತ್ತ ನೋಡಿದ್ದಳು. ಅವಳಿಗೆ ಕಂಡದ್ದು ಒಂದು ಕರಿ ಆಕಾರವಷ್ಟೆ. ನಾಲ್ಕು ತಿಂಗಳ ಹಿಂದೆ ಮೇಡಂ ಜೊತೆ ಜೀಪಿನಿಂದ ಇಳಿದಾಗ, ಬಿಳಿ ಅಂಗಿ ತೊಟ್ಟ ನಲವತ್ತೈದರ ಅಂಬ್ರಪ್ಪನನ್ನು ಮರಿಲಿಂಗಮ್ಮ ಬಾ ತಮ್ಮಾ ಎಂದು ಕರೆದದ್ದು ಹೊಸಬರನ್ನು ಕರೆಯುವ ಹಾಗೆಯೇ ಇತ್ತು.

ಅವತ್ತೇ ಹೇಳಿಬಿಡಬಹುದಿತ್ತು. ಎಣ್ಣೆ ಎಲ್ಲಿಂದ ಬಂತೆಂದು ಮೇಡಂ ಕೇಳಿದಾಗ ಸುತ್ತ ನೆರೆದವರೆಲ್ಲ ಒಂದೇ ಬಾಯಿಂದ, ತೀರಿಹೋದ ಹುಲಗಪ್ಪನ ಇಂಜಿನ್ ಸೋರುತ್ತಿತ್ತು, ಬಾವಿ ಕೆಟ್ಟಿತು, ಹೊಲ ಕೆಟ್ಟಿತು ಎಂದರು. ಮರಿಲಿಂಗಮ್ಮ ಇಲ್ಲವೆನ್ನಲಿಲ್ಲ. ಮೇಡಂ ಫೈಲನ್ನು ಇವನ ಕೈಗೆ ಕೊಟ್ಟು, ನಿಮ್ಮ ಅಕ್ಷರ ದುಂಡಗದಾವ, ಬರೀರಿ ಎಂದರು. 'ಮಾಲಿನ್ಯದ ಮೂಲ: ಜಮೀನುದಾರರ ಆಯಿಲ್ ಇಂಜಿನ್ ಸೋರಿಕೆ.' ದುಂಡಗಿನ ಅಕ್ಷರದಲ್ಲಿ, ಪೂರ್ಣವಿರಾಮ ಸಹಿತ ಬರೆದ. ಒಂದು ಇಂಜಿನ್ನಿನಿಂದ ಇಷ್ಟು ಎಣ್ಣೆ ಬರ್ತದೇನ್ರಿ ಎಂದು ಮೇಡಂ ಆಮೇಲೊಮ್ಮೆ ತಮ್ಮಷ್ಟಕ್ಕೆ ಅಂದುಕೊಂಡಿದ್ದರು. ಅಂಬ್ರಪ್ಪ ಕೇಳಿಯೂ ಕೇಳದಂತೆ ಬಾಟಲಿ ಒರೆಸಿದ್ದ. ಕಾಲುವೆಗೆ ನೀರು ಬಿಟ್ಟ ಮೇಲೆ ನೆಲದೊಳಗಿನ ನೀರು ಏರಿದ್ದು, ಐದು ವರ್ಷ ಕುಡಿದದ್ದನ್ನು ಭೂಮಿ ಮೇಲಕ್ಕೆ ಕಕ್ಕಿದ್ದು, ಇಳಿಜಾರಿಗೆ ಸಿಕ್ಕ ಮೊದಲ ಬಾವಿಗೆ ಅದು ಇಳಿದದ್ದು ಅವನಿಗೆ ತಿಳಿಯದ ಸಂಗತಿಯೇನಲ್ಲ. ಬಾವಿಯ ನೀರಿನ ಮೇಲೆ ಬಣ್ಣದ ಪೊರೆ ಕಟ್ಟಿದ ಸುದ್ದಿ ಹದಿನಾಲ್ಕು ವರ್ಷದ ಹಿಂದೆ ಶಹಾಪುರದ ಸಂತೆಯಲ್ಲಿ ಕಿವಿಗೆ ಬಿದ್ದಾಗಲೇ ಅದು ತಾನು ಸುರಿದ ಎಣ್ಣೆಯೆಂದು ಅವನಿಗೆ ಹೊಳೆದಿತ್ತು. ಆಗ ಮನೆಯಲ್ಲಿ ಹೆಂಡತಿ ಎರಡನೇ ಹೆರಿಗೆಯ ಬಾಣಂತಿ, ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಕಾಯಂ ಆಗಲಿ, ಆಮೇಲೆ ಹೋಗಿ ಹೇಳಿದರಾಯಿತು. ಕಾಯಂ ಆಯಿತು. ಮನುಷ್ಯನಿಗೆ ಒಂದು ಕಾರಣ ಸವೆದರೆ ಇನ್ನೊಂದು ಸಿಗುವುದು ತಡವಾಗುವುದಿಲ್ಲ.

ಹೊಲದ ಹತ್ತಿರ ಬಸ್ಸು ನಿಂತಾಗ ಜೀಪು ಆಗಲೇ ಬಂದಿತ್ತು. ಬೆಳಗಿನ ಹತ್ತರ ಬಿಸಿಲು. ಪಕ್ಕದ ಹೊಲದಲ್ಲಿ ಏಳೆಂಟು ಹೆಂಗಸರು ಸೀರೆ ಮೇಲಕ್ಕೆ ಕಟ್ಟಿಕೊಂಡು ಕೆಂಪು ಮೆಣಸಿನಕಾಯಿ ಬಿಡಿಸುತ್ತಿದ್ದರು. ಸಾಲಿನ ತುದಿಯಲ್ಲಿದ್ದ ಬಸ್ಸಮ್ಮ, ಬಂದ ನೋಡ್ರಿ ಮಣ್ಣಿನ ವೈದ್ಯ ಎಂದಳು, ಉಳಿದವರು ನಕ್ಕರು. ಶರೀಫಾಬೀ ಮೇಡಂ ದುಪಟ್ಟಾ ತಲೆಗೆ ಸುತ್ತಿಕೊಂಡು ಒಂದನೇ ಮಡಿಯ ಬದುವಿನ ಮೇಲೆ ಕುಕ್ಕರುಗಾಲಲ್ಲಿ ಕೂತಿದ್ದರು. ಸುರಪುರದ ಗಲ್ಲಿಯಲ್ಲಿ ಬೆಳೆದ ಆ ಹೆಣ್ಣುಮಗಳಿಗೆ ಮಣ್ಣೆಂದರೆ ಹೇಸಿಕೆಯಿಲ್ಲ, ಮೂವತ್ತರ ವಯಸ್ಸಿಗೇ ಉಗುರುಗಳು ಒಕ್ಕಲಿಗರ ಉಗುರಿನ ಹಾಗೆ. ಮರಿಲಿಂಗಮ್ಮ ಕೆಟಲಿನಲ್ಲಿ ಚಹಾ ತಂದಳು. ಅಂಬ್ರಪ್ಪ ಮೊದಲು ಉಂಡ ಮಡಿಯ ಮಣ್ಣು ಮೂಸಿದ. ಮಳೆ ಬಿದ್ದ ನೆಲದ ವಾಸನೆ, ಅದರ ಅಡಿಯಲ್ಲೆಲ್ಲೋ ಒಂದೆಳೆ ಎಣ್ಣೆ. ಒಂದು ಅಂಕ ಎಂದ. ಆಮೇಲೆ ಹಸಿದ ಮಡಿಯ ಮಣ್ಣು ಹಿಡಿದು ಮುಷ್ಟಿಯನ್ನು ಮೂಗಿನ ಹತ್ತಿರ ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಇಟ್ಟುಕೊಂಡ. ಇದರಲ್ಲೂ ಉಂಡ ಮಡಿಯದೇ ವಾಸನೆ. ಕಳೆದ ಮೂರು ಸಲವೂ ಇವನು ಅದಕ್ಕೆ ನಾಲ್ಕು, ಐದು ಎಂದು ಸುಳ್ಳೇ ಹೇಳಿಕೊಂಡು ಬಂದಿದ್ದ. ಆ ಮೂರು ಸಲ ಅವನೊಬ್ಬನನ್ನೇ ಕಳಿಸಿದ್ದ ಮೇಡಂ ಇವತ್ತು ತಾವೇ ಒಂದು ಹೆಂಟೆ ಎತ್ತಿ ಮೂಸಿದರು, ಮತ್ತೊಮ್ಮೆ ಮೂಸಿದರು.

"ಇದಕ್ಕ ಎಷ್ಟ್ರಿ, ಅಂಬ್ರಪ್ಪನೋರ?"

"ಒಂದ ರಿ."

"ಹೋದ ಸಲ ನಾಕು ಬರ್ಸೀರಿ."

ಅಂಬ್ರಪ್ಪ ಮುಷ್ಟಿಯ ಮಣ್ಣು ಉದುರಿಸಿದ. ಮೇಡಂ ಹೆಂಟೆಯನ್ನು ಬೆರಳಲ್ಲಿ ಪುಡಿ ಮಾಡಿದರು. ಒಳಗೆ ಅರ್ಧ ಕೊಳೆತ ಕುರಿಹಿಕ್ಕೆ ಸಿಕ್ಕಿತು, ಪಕ್ಕದಲ್ಲಿ ಕೆದಕಿದರೆ ಇನ್ನೂ ನಾಲ್ಕು. ಅವರು ಹಿಕ್ಕೆಯನ್ನು ಅಂಗೈಯಲ್ಲಿಟ್ಟು ತೋರಿಸಿದರು. "ಹಸಿದ ಮಡಿ ಇದು. ಇದೂ ಸ್ವಚ್ಛ ಆಗ್ಯಾದ ಅಂತ ಬರದ್ರ ಮ್ಯಾಲಿನವ್ರು ಏನಂತಾರ ಗೊತ್ತೇನ್ರಿ? ಮಣ್ಣು ತನ್ನಷ್ಟಕ್ಕ ತಾನ ಗುಣ ಆಗ್ತದ, ನಿಮ್ಮ ಉಪಚಾರ ಯಾಕ ಬೇಕು ಅಂತಾರ. ಮೂರೆಕರೆ ಹಂಗ ಬೀಳ್ತದ. ಗೊಬ್ಬರ ಯಾರ್ ಹಾಕ್ಯಾರ ಇದಕ್ಕ?"

"ನಾನ ಹಾಕೀನ್ರಿ," ಎಂದಳು ಮರಿಲಿಂಗಮ್ಮ. ಚಹಾದ ಲೋಟಗಳನ್ನು ಒಂದರೊಳಗೊಂದು ಇಡುತ್ತಿದ್ದವಳು ತಲೆ ಎತ್ತಲಿಲ್ಲ. "ದಿನಾ ಒಂದ ಬುಟ್ಟಿ. ನೀರೂ ಹಾಕೀನಿ. ವಾರಕ್ಕೊಮ್ಮಿ ಅಗದೀನಿ."

"ಹಾಕಬ್ಯಾಡ್ರಿ ಅಂತ ಎಷ್ಟ ಸರ್ತಿ ಹೇಳಿದ್ದೆ ಅಮ್ಮಾ."

"ಹೇಳೀರಿ. ಇಲ್ಲನ್ನಂಗಿಲ್ಲ. ನಾಕ ದಿನ ತಡಕೊಂಡೆ. ಎರಡೂ ಒಂದ ಪಂಕ್ತಿಯಾಗ ಕುಂತಾವ್ರಿ. ಒಂದಕ್ಕ ಬಡಿಸಿ ಇನ್ನೊಂದನ್ನ ಬಾಯಿ ನೋಡ್ಕೊಂತ ಕುಂದರ್ಸೋದು ನಮ್ಮ ಮನ್ಯಾಗ ನಡದಿಲ್ಲ. ಐದನೇ ದಿನ ಕೈ ಕೇಳಲಿಲ್ಲ."

ಎರಡನೇ ತಿಂಗಳಲ್ಲಿ ಒಂದು ದಿನ ಅಂಬ್ರಪ್ಪ ಹೇಳದೆ ಕೇಳದೆ ಮುಂಜಾನೆಯ ಬಸ್ಸಿಗೆ ಬಂದಿದ್ದ. ಮರಿಲಿಂಗಮ್ಮ ತಲೆಯ ಮೇಲೆ ಬುಟ್ಟಿ ಹೊತ್ತು ಹಸಿದ ಮಡಿಯಲ್ಲಿ ನಿಂತಿದ್ದಳು. ಬಗ್ಗಿ ಗೊಬ್ಬರ ಹರಡುತ್ತ ಮಣ್ಣಿನ ಕೂಡ ಏನೋ ಮಾತಾಡುತ್ತಿದ್ದಳು, ಉಣ್ಣದ ಮಗುವಿಗೆ ಹೇಳುವ ಧಾಟಿಯಲ್ಲಿ. ತಡೆಯುವುದು ಅವನ ಕೆಲಸ. ಅದಕ್ಕಾಗಿಯೇ ಅವನಿಗೆ ಸಂಬಳ. ಆದರೆ ಯಾವ ಬಾಯಿಂದ ಬೇಡ ಎನ್ನುವುದು? ಇವಳ ಹೊಲಕ್ಕೆ ಐದು ವರ್ಷ ವಿಷ ಸುರಿದವನು ಇವಳ ಬುಟ್ಟಿಯ ಗೊಬ್ಬರ ತಡೆಯಲು ಹೋಗುವುದೆ? ಜಾಲಿ ಕಂಟಿಯ ಹಿಂದೆ ಕಳ್ಳನ ಹಾಗೆ ಕೂತಿದ್ದು, ಅವಳು ಹೋದ ಮೇಲೆ ಎದ್ದು ಬಂದು, ಅಂಕ ಬರೆಯುವ ಪುಸ್ತಕದಲ್ಲಿ 'ಎರಡನೇ ಮಡಿ: ಬದಲಾವಣೆ ಇಲ್ಲ' ಎಂದು ಬರೆದಿದ್ದ. ಅವತ್ತು ಅವನಿಗೆ ಅದು ಅವಳಿಗೆ ಮಾಡಿದ ಉಪಕಾರದಂತೆ ಕಂಡಿತ್ತು. ಉಪಕಾರ ಮಾಡಿದೆನೆಂದು ಬಸ್ಸಿನಲ್ಲಿ ಕೂತು ಸಮಾಧಾನಪಟ್ಟುಕೊಂಡೂ ಇದ್ದ. ಈಗ ಅದೇ ಉಪಕಾರ ಅವಳ ಮೂರೆಕರೆಯನ್ನು ನುಂಗಲು ಬಂದು ನಿಂತಿತ್ತು.

"ನಿಮಗ ಗೊತ್ತಿತ್ತು," ಎಂದರು ಮೇಡಂ. ಕೇಳಿದ್ದಲ್ಲ, ಹೇಳಿದ್ದು. ದನಿ ಏರಿಸದೆ ಹೇಳಿದ್ದರಿಂದ ಅಂಬ್ರಪ್ಪನಿಗೆ ಕಪಾಳಕ್ಕೆ ಬಿದ್ದಷ್ಟು ನೋವಾಯಿತು. ಇಡೀ ಕಚೇರಿಯಲ್ಲಿ ಅವನಿಗೆ ರಿ ಹಚ್ಚಿ ಮಾತಾಡುವ ಒಬ್ಬರೆಂದರೆ ಇವರೇ.

"ಅವ್ನಿಗಿ ಬೈಬ್ಯಾಡ್ರಿ ಮೇಡಮ್ಮಾರ," ಎಂದು ಮರಿಲಿಂಗಮ್ಮ ನಡುವೆ ಬಂದಳು. "ಪಾಪ, ನನ್ನ ಮುಖ ನೋಡಿ ಸುಮ್ಮನಿದ್ದಾನು. ಇದು ನಮ್ಮ ಮನಿ ತಪ್ಪು. ಗಂಡ ಎಣ್ಣಿ ಚೆಲ್ಲಿ ಹೋಗ್ಯಾನ, ಹೆಂಡ್ತಿ ಒಂದ ಬುಟ್ಟಿ ಗೊಬ್ಬರ ಹೊತ್ತರ ಏನು ಸವದ ಹೋಗ್ತಾಳ? ಇಂಜಿನ್ ಸೋರ್ತದ, ಸೋರ್ತದ ಅಂತ ಬಡಕೊಂಡೆ. ನಂದಲ್ಲ, ನಂದಲ್ಲ ಅಂತಿದ್ದ. ಇಂಜಿನ್ ಮಾರ್ಸಿದೆ, ಆದ್ರೂ ಎಣ್ಣಿ ನಿಲ್ಲಲಿಲ್ಲ. ನಂಗ ತಿಳೀದಂಗ ಬಾವ್ಯಾಗ ಹಳಿ ಎಣ್ಣಿ ಸುರುವ್ಯಾನ ಅಂತ ಮನಸಿಗಿ ಹತ್ತಿಬಿಡ್ತು. ಊರ ಮಂದೀನೂ ಹಂಗ ಅಂದ್ರು. ಕಡೀ ಮೂರ ವರ್ಷ ನಾ ಅವ್ನ ಕೂಡ ಮಾತಾಡಲಿಲ್ರಿ. ಹೊತ್ತಿಗಿ ಸರಿ ರೊಟ್ಟಿ ಇಡ್ತಿದ್ದೆ. ಮಾತ್ ಆಡಲಿಲ್ಲ. ಹಂಗ ಹೋದ."

ಆ ಮೂರು ವರ್ಷ ಅಂಬ್ರಪ್ಪನಿಗೆ ಗೊತ್ತಿರಲಿಲ್ಲ. ಹೊಲದ ಲೆಕ್ಕ ಅವನ ಬಳಿ ಇತ್ತು, ಬಾವಿಯದೂ ಇತ್ತು. ಹದಿನಾಲ್ಕು ವರ್ಷದಿಂದ ಅವನು ತನ್ನ ತಪ್ಪನ್ನು ನೆಲದ ಮೇಲಿನ ಒಂದು ಕಲೆ ಎಂದಷ್ಟೇ ಕಂಡಿದ್ದ. ಕಲೆ ದೊಡ್ಡದಾದೀತು, ಹೆಚ್ಚೆಂದರೆ ಇನ್ನೊಬ್ಬರ ಹೊಲಕ್ಕೆ ಹಬ್ಬೀತು, ಯಾರೋ ಓದಿದವರು ಬಂದು ತೊಳೆದಾರು. ತೊಳೆಯುವವರ ಬಾಟಲಿ ಹೊತ್ತರೆ ತನ್ನದೂ ಅಷ್ಟಿಷ್ಟು ಕಳೆದೀತು. ಆದರೆ ಒಂದು ಮನೆಯಲ್ಲಿ ರೊಟ್ಟಿ ಇಡುವ ಸದ್ದೊಂದು ಬಿಟ್ಟರೆ ಮೂರು ವರ್ಷ ಬೇರೆ ಸದ್ದಿರಲಿಲ್ಲ ಎಂಬುದನ್ನು ಯಾವ ಜೀವಿ ತಿಂದು ಕರಗಿಸಬೇಕು? ಬೂದಿ ಹಿಡಿದು ಬೆನ್ನು ತಿಕ್ಕಿದ ಕೈ ನೆನಪಾಯಿತು. ಆ ಕೈಯವನು ತಟ್ಟೆಯ ಮುಂದೆ ಕೂತು, ನಂದಲ್ಲ, ನಂದಲ್ಲ ಎನ್ನುತ್ತಿದ್ದಾನೆ. ಅಂಬ್ರಪ್ಪ ಕೂತಲ್ಲಿಂದ ಎದ್ದ.

"ಅಕ್ಕಾ, ಎಣ್ಣಿ ಅವ್ರದಲ್ಲ," ಎಂದ.

ಮರಿಲಿಂಗಮ್ಮ ಕೈಯಲ್ಲಿದ್ದ ಲೋಟಗಳನ್ನು ಬದುವಿನ ಮೇಲೆ ಇಟ್ಟಳು.

"ಆ ಕಂಟಿ ಒಳಗ ಒಂದ ತಗ್ಗದ. ಕ್ಯಾಂಪಿತ್ತಲ್ಲ, ಅಲ್ಲಿ ಕೆಲಸಕ್ಕಿದ್ದೆ ನಾನು. ಐದ ವರ್ಷ ಗಾಡಿಗಳ ಸುಟ್ಟ ಎಣ್ಣಿ ನಾನ ಸುರುವೀನಿ. ಈ ಕೈಲೆ. ಕಾಲುವಿಗಿ ನೀರ್ ಬಿಟ್ಟಮ್ಯಾಗ ಕೆಳಗಿನ ನೀರ್ ಮ್ಯಾಲ ಬಂದು ಅದನ್ನ ನಿಮ್ಮ ಬಾವಿಗಿ ತಂದು ಹಾಕ್ಯಾದ. ಇಂಜಿನ್ನಿಂದಲ್ಲ. ಅವ್ರು ಖರೇನ ಹೇಳ್ಯಾರ."

ಮೊದಲು ಮಾತಾಡಿದವರು ಮೇಡಂ. ಅವರ ಬುದ್ಧಿ ಮಣ್ಣಿನ ಕಡೆಗೇ ಓಡಿತು, ಅಂಬ್ರಪ್ಪನಿಗೆ ಅದರಿಂದ ಉಸಿರು ತಿರುಗಿದಂತಾಯಿತು. "ತಗ್ಗು ಎಷ್ಟ ಆಳ ಅದ?"

"ಎರಡ ಆಳುದ್ದ ಇತ್ರಿ."

"ಅದ ಹಂಗ ಇದ್ರ ಈ ಹೊಲ ಎಷ್ಟ ಸ್ವಚ್ಛ ಮಾಡಿದ್ರೂ ವರ್ಷದೊಳಗ ಮತ್ತ ಕಪ್ಪಾಗ್ತಿತ್ತು."

"ಹೌದ್ರಿ."

"ಗೊತ್ತಿದ್ದೂ ಬಾಟ್ಲಿ ಹೊತ್ತೀರಿ, ನಾಕು ತಿಂಗಳು."

"ಹೌದ್ರಿ."

ಮೇಡಂ ಅವನ ಮುಖ ನೋಡದೆ ಚೀಲದಿಂದ ಫೈಲು ತೆಗೆದು ಮೊದಲ ಹಾಳೆ ಬಿಡಿಸಿ, ಪೆನ್ನಿನ ಜೊತೆ ಅವನ ಮುಂದೆ ಹಿಡಿದರು. "ನೀವ ಬರದೀರಿ, ನೀವ ಗೆರಿ ಹೊಡೀರಿ. ಖರೇ ಏನದ ಅದು ಕೆಳಗ ಬರದು ಸಹಿ ಮಾಡ್ರಿ. ಪುಸ್ತಕದಾಗಿನ ಸುಳ್ಳು ಅಂಕಿನೂ ಹೊಡೀರಿ. ಮ್ಯಾಲಿನವ್ರು ನಿಮಗ ಏನ್ ಮಾಡ್ತಾರ ನಾ ಹೇಳಾಕ ಬರಂಗಿಲ್ಲ." ಮಡಿಗಳ ಕಡೆ ತಿರುಗಿ, "ಎರಡೂ ಮಡಿ ಉಂಡಾವ, ಎರಡೂ ಗುಣ ಆಗ್ಯಾವ. ಹಂಗ ಬರೀತೀನಿ. ಯಾರೂ ಮುಟ್ಟಲಾರದ ನೆಲ ಮಡಿ ಆಚಿಗಿ ಮೂರೆಕರೆ ಅದ. ಆರು ಬಾಟ್ಲಿ ಅಲ್ಲಿಂದ ತುಂಬೋಣ, ಅದರ ಕೂಡ ಹೋಲಿಸಿ ತೋರಿಸ್ತೀನಿ," ಎಂದು ತಾವೇ ಬಾಟಲಿ ಎತ್ತಿಕೊಂಡು ನಡೆದರು. ಅಂಬ್ರಪ್ಪ ತೊಡೆಯ ಮೇಲೆ ಫೈಲು ಇಟ್ಟುಕೊಂಡು ತನ್ನ ದುಂಡಗಿನ ಅಕ್ಷರಗಳ ಮೇಲೆ ಗೆರೆ ಎಳೆದ. ಕೆಳಗೆ ಬರೆದದ್ದು ಅಷ್ಟು ದುಂಡಗೆ ಬರಲಿಲ್ಲ. ಸಹಿ ಮಾಡಿ ಮುಗಿಸಿದಾಗ ನಾಚಿಕೆಗೇಡಿನ ಒಂದು ಹಗುರು ಮೈಗೆಲ್ಲ ಹರಿಯಿತು. ಹೇಳಿದೆ, ಬರೆದೆ, ಇನ್ನು ನೌಕರಿ ಹೋದರೂ ಹೋಗಲಿ. ಹಾಗೆಂದುಕೊಂಡು ತಲೆ ಎತ್ತಿದರೆ ಮರಿಲಿಂಗಮ್ಮ ಅವನನ್ನೇ ನೋಡುತ್ತಿದ್ದಳು. ತನ್ನ ಹೆಗಲಿನಿಂದ ಇಳಿದದ್ದು ಗಾಳಿಗೆ ಹೋಗಿಲ್ಲ, ನೆಟ್ಟಗೆ ಅವಳ ಹೆಗಲ ಮೇಲೆ ಹೋಗಿ ಕೂತಿದೆ ಎಂಬುದು ಆ ಮುಖ ನೋಡಿದ ಕೂಡಲೇ ಅವನಿಗೆ ತಿಳಿಯಿತು. ಇಷ್ಟು ದಿನ ಅವಳಿಗೆ ತಪ್ಪು ಮಾಡಿದ ಗಂಡನೊಬ್ಬನಿದ್ದ. ಈಗ ಅವನೂ ಇಲ್ಲ.

"ಅವ ಹೋಗಿ ಎಷ್ಟ ವರ್ಷಾತು, ಗೊತ್ತೇನು?" ಎಂದಳು.

"ಆರು ಅಂತ ಕೇಳೀನಿ, ಅಕ್ಕಾ."

"ಆವಾಗ ನೀ ಎಲ್ಲಿದ್ದಿ?"

"ಶಹಾಪುರದಾಗ."

"ಬಸ್ ಇತ್ತಲ್ಲ, ತಮ್ಮಾ."

ದಿನಕ್ಕೆ ನಾಲ್ಕು ಬಸ್ಸು ಆಗಲೂ ಇದ್ದವು. ಅವಳು ಬೈದಿದ್ದರೆ, ಮಣ್ಣು ಎತ್ತಿ ಮುಖಕ್ಕೆ ಎಸೆದಿದ್ದರೆ, ಅವನು ತಲೆಬಾಗಿ ನಿಲ್ಲುತ್ತಿದ್ದ. ಅವಳು ಅದೇನನ್ನೂ ಮಾಡಲಿಲ್ಲ. ಮೊಣಕಾಲಿಗೆ ಕೈ ಊರಿ ಎದ್ದಳು, ಸೆರಗು ತಲೆಯ ಮೇಲೆ ಎಳೆದುಕೊಂಡಳು, ಬಾ ಎಂದು ಮೇಲಿನ ಬದುವಿನ ಕಡೆಗೆ ಹೊರಟಳು. ಬದುವಿನ ತುದಿಯಲ್ಲಿ, ಪಕ್ಕದವರ ಮೆಣಸಿನಕಾಯಿ ಹೊಲಕ್ಕೆ ಹತ್ತಿಕೊಂಡು, ಒಂದು ಎಳೆಯ ಬೇವಿನ ಮರದ ಕೆಳಗೆ ನಾಲ್ಕು ಕಲ್ಲು ಸುತ್ತಿಟ್ಟ ಮಣ್ಣಿನ ಗುಪ್ಪೆಯಿತ್ತು. ಹುಲಗಪ್ಪನನ್ನು ಇಟ್ಟದ್ದು ಅಲ್ಲಿ. ಅವಳು ಅದರ ಹತ್ತಿರ ಹೋಗಲಿಲ್ಲ. ನಾಲ್ಕು ಹೆಜ್ಜೆ ಈಚೆಗೆ, ಸಿಟ್ಟು ಮಾಡಿಕೊಂಡವರ ಮನೆಯ ಅಂಗಳದಲ್ಲಿ ನಿಂತಂತೆ ನಿಂತುಬಿಟ್ಟಳು.

"ನಂಗ ಬಾಯಿಲ್ಲ ಅವ್ನ ಕೂಡ ಮಾತಾಡಾಕ," ಎಂದಳು. "ನೀ ಹೇಳು."

ಅಂಬ್ರಪ್ಪ ಚಪ್ಪಲಿ ಬಿಟ್ಟ. ಕಲ್ಲುಗಳ ಮುಂದೆ ಹೋಗಿ ನಿಂತ. ಏನೆಂದು ಕರೆಯಬೇಕೋ ತಿಳಿಯಲಿಲ್ಲ. ಬದುಕಿದ್ದಾಗ ಅವನನ್ನು ಏನೂ ಕರೆದಿರಲಿಲ್ಲ, ಬೆನ್ನು ಕೊಟ್ಟು ನಿಂತಿದ್ದನಷ್ಟೆ. ಕೊನೆಗೆ, ತನಗೇ ಕೇಳಿತೋ ಇಲ್ಲವೋ ಎಂಬಂತೆ, "ಹುಲಗಪ್ಪಣ್ಣ, ಎಣ್ಣಿ ನಿಂದಲ್ಲ. ನಾ ಸುರುವಿದ್ದು," ಎಂದ.

"ಜೋರ್ಲೆ ಹೇಳು," ಎಂದಳು ಮರಿಲಿಂಗಮ್ಮ ಹಿಂದಿನಿಂದ. "ಕಡಿಕಡಿಗಿ ಅವ್ನಿಗಿ ಕಿವಿ ಕೇಳ್ತಿರಲಿಲ್ಲ."

ಮೆಣಸಿನಕಾಯಿ ಬಿಡಿಸುತ್ತಿದ್ದ ಹೆಂಗಸರು ಒಬ್ಬೊಬ್ಬರಾಗಿ ಕೈ ನಿಲ್ಲಿಸಿ, ಸೊಂಟ ನೆಟ್ಟಗೆ ಮಾಡಿ ಇತ್ತ ತಿರುಗಿದ್ದರು. ಬಸ್ಸಮ್ಮ ಹಣೆಗೆ ಕೈ ಅಡ್ಡ ಹಿಡಿದು ನೋಡುತ್ತಿದ್ದಳು. ಅಂಬ್ರಪ್ಪ ಅವರನ್ನೆಲ್ಲ ನೋಡಿದ. ಆಮೇಲೆ ಕಲ್ಲಿನ ಕಡೆ ತಿರುಗಿ, ಎದೆ ತುಂಬ ಉಸಿರೆಳೆದುಕೊಂಡು, ಊರಿಗೆಲ್ಲ ಕೇಳುವ ಹಾಗೆ ಅದೇ ಮಾತು ಹೇಳಿದ.